ಪಾಪವೂ ಅಪರಾಧವೂ: ಒಂದು ಭೇದದ ಚರಿತ್ರೆ

ನೀತಿದೈವಶಾಸ್ತ್ರದ ತರಗತಿಯಲ್ಲಿ ಪ್ರತಿವರ್ಷವೂ ಒಂದಲ್ಲ ಒಂದು ರೂಪದಲ್ಲಿ ಎದ್ದುಬರುವ ಪ್ರಶ್ನೆಯೊಂದಿದೆ. ಒಂದು ಕೃತ್ಯ ದೇವರ ಆಜ್ಞೆಗೆ ವಿರುದ್ಧವೆಂದು ನಾವು ನಂಬುವುದಾದರೆ, ರಾಜ್ಯದ ಕಾನೂನು ಅದನ್ನು ನಿಷೇಧಿಸಬೇಕೆಂದು ಕೇಳುವುದು ನಮ್ಮ ಕರ್ತವ್ಯವಲ್ಲವೆ? ಕೇಳುವವರು ಉತ್ತರ ‘ಹೌದು’ ಎಂದೇ ಎಣಿಸಿರುತ್ತಾರೆ. ಧರ್ಮಸಭೆಯ ಪರಂಪರೆ ಎಂದೆಂದೂ ಹಾಗೆಯೇ ಬೋಧಿಸಿದೆ ಎಂದು ತಿಳಿದಿರುತ್ತಾರೆ. ಪರಂಪರೆ ಅಷ್ಟು ಸರಳವಾಗಿಲ್ಲ. ಪಾಪವೆಲ್ಲವೂ ಅಪರಾಧವಲ್ಲ ಎಂಬ ಭೇದವನ್ನು ಉದಾರವಾದಿಗಳಿಂದ ನಾವು ಎರವಲು ತಂದಿಲ್ಲ. ಅದು ನಮ್ಮ ಮನೆಯೊಳಗೇ ಹುಟ್ಟಿದ್ದು. ಅದನ್ನು ಮರೆತವರೂ ಮತ್ತೆ ನೆನಪಿಗೆ ತಂದುಕೊಂಡವರೂ ಬಹುಮಟ್ಟಿಗೆ ನಮ್ಮವರೇ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲ ಮೂರು ಶತಮಾನಗಳ ಕ್ರೈಸ್ತ ಲೇಖಕರಿಗೆ ಕಾನೂನಿನ ಬಲವೆಂದರೆ ತಮ್ಮ ಮೇಲೆ ಪ್ರಯೋಗವಾಗುತ್ತಿದ್ದ ಬಲವೇ ಆಗಿತ್ತು. ಆದುದರಿಂದ ಧರ್ಮವನ್ನು ಒತ್ತಾಯದಿಂದ ಹೇರಲಾಗದೆಂದು ತೆರ್ತುಲಿಯನನೂ ಲಕ್ತಾನ್ಸಿಯನೂ ಬರೆದದ್ದು ಆಶ್ಚರ್ಯವಲ್ಲ. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸನ ಶಾಸನ ಹೊರಟ ಮೇಲೆ ಪರಿಸ್ಥಿತಿ ತಿರುವುಮುರುವಾಯಿತು. ಐದೇ ವರ್ಷಗಳಲ್ಲಿ, 385ರಲ್ಲಿ, ಟ್ರಿಯರ್ ನಗರದಲ್ಲಿ ಪ್ರಿಸಿಲಿಯನ್ ಎಂಬ ಸ್ಪೇನಿನ ಧರ್ಮಾಧ್ಯಕ್ಷನನ್ನು ರಾಜಾಜ್ಞೆಯಂತೆ ವಧಿಸಲಾಯಿತು. ಅವನ ಮೇಲೆ ದೂರು ಹೊತ್ತು ಅರಮನೆಗೆ ಹೋದವರು ಧರ್ಮಾಧ್ಯಕ್ಷರೇ. ಟೂರ್ಸಿನ ಸಂತ ಮಾರ್ಟಿನರು ಅದನ್ನು ಪ್ರತಿಭಟಿಸಿದರು. ಪ್ರಿಸಿಲಿಯನನ ಬೋಧನೆ ಸರಿಯೆಂದು ಅವರೇನೂ ವಾದಿಸಲಿಲ್ಲ. ಧರ್ಮಸಭೆಯ ವಿಷಯವನ್ನು ರಾಜನ ನ್ಯಾಯಾಸನದ ಮುಂದೆ ಒಯ್ದದ್ದೇ ಅವರಿಗೆ ಅಸಹ್ಯವಾಗಿತ್ತು.

ಇದಕ್ಕಿಂತಲೂ ಹೆಚ್ಚು ದುಃಖಕರವಾದದ್ದು, ಆದುದರಿಂದಲೇ ಹೆಚ್ಚು ಪಾಠ ಕಲಿಸುವಂಥದ್ದು, ಸಂತ ಅಗುಸ್ತೀನರ ಪ್ರಕರಣ. ಅವರು ಮೊದಲು, ಯಾರನ್ನೂ ಬಲವಂತದಿಂದ ಕ್ರಿಸ್ತನ ಐಕ್ಯಕ್ಕೆ ತರಬಾರದು, ಮಾತಿನಿಂದ, ವಾದದಿಂದ, ತರ್ಕದಿಂದ ಗೆಲ್ಲಬೇಕು ಎಂಬ ಅಭಿಪ್ರಾಯದವರಾಗಿದ್ದರು. 405ರಲ್ಲಿ ದೊನಾತಪಂಥಿಗಳ ವಿರುದ್ಧ ಚಕ್ರವರ್ತಿ ಹೊನೋರಿಯಸನ ಶಾಸನ ಬಂದಿತು. ಮೂರು ವರ್ಷಗಳ ನಂತರ ವಿನ್ಸೆಂಟಿಯಸನಿಗೆ ಬರೆದ 93ನೆಯ ಪತ್ರದಲ್ಲಿ ತಮ್ಮ ಅಭಿಪ್ರಾಯ ಬದಲಾದುದನ್ನು ಅಗುಸ್ತೀನರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮನಸ್ಸನ್ನು ಬದಲಿಸಿದ್ದು ಸಿದ್ಧಾಂತವಲ್ಲ, ಕಣ್ಣೆದುರಿನ ಉದಾಹರಣೆಗಳು: ಪೂರ್ತಿಯಾಗಿ ದೊನಾತಪಂಥಿಯಾಗಿದ್ದ ತಮ್ಮ ಸ್ವಂತ ಊರು ರಾಜಶಾಸನದ ಭಯದಿಂದ ಧರ್ಮಸಭೆಗೆ ಮರಳಿತ್ತು. ಭಯ ಅಭ್ಯಾಸದ ಸರಪಣಿಯನ್ನು ಕಡಿಯುತ್ತದೆ, ಆಮೇಲೆ ಸತ್ಯ ಒಳಗೆ ಇಳಿಯುತ್ತದೆ ಎಂಬುದು ಅವರ ಹೊಸ ವಾದ. ಲೂಕನ ಶುಭಸಂದೇಶದ ಔತಣದ ಸಾಮತಿಯಲ್ಲಿ ಯಜಮಾನನು ಬೇಲಿಬದಿಯವರನ್ನು ಒತ್ತಾಯಿಸಿ ಕರೆತರಲು ಆಳಿಗೆ ಹೇಳುವ ಮಾತು ಈ ವಾದಕ್ಕೆ ಆಧಾರವಾಯಿತು. ದೊನಾತಪಂಥಿಗಳಿಗೆ ಮರಣದಂಡನೆ ಕೊಡಬಾರದೆಂದು ಅಗುಸ್ತೀನರು ಅಧಿಕಾರಿಗಳನ್ನು ಬೇಡಿಕೊಂಡದ್ದೂ ಸತ್ಯವೇ. ಆದರೆ ಮುಂದಿನ ಸಾವಿರ ವರ್ಷ ಅವರ ವಾದ ಹರಡಿದಷ್ಟು ವ್ಯಾಪಕವಾಗಿ ಅವರ ಬೇಡಿಕೆ ಹರಡಲಿಲ್ಲ.

ಇದೇ ಅಗುಸ್ತೀನರು ಇನ್ನೊಂದು ಮಾತನ್ನೂ ಬಿಟ್ಟುಹೋಗಿದ್ದರು. ಇಚ್ಛಾಸ್ವಾತಂತ್ರ್ಯದ ಕುರಿತಾದ ತಮ್ಮ ಸಂವಾದದಲ್ಲಿ, ಜನಪದವನ್ನು ಆಳಲು ಮಾಡಿದ ಕಾನೂನು ಎಷ್ಟೋ ಸಂಗತಿಗಳನ್ನು ಶಿಕ್ಷಿಸದೆ ಬಿಡುತ್ತದೆ, ಅವು ದೈವಸಂಕಲ್ಪದ ಶಿಕ್ಷೆಗೆ ಉಳಿಯುತ್ತವೆ, ಕಾನೂನು ಎಲ್ಲವನ್ನೂ ಮಾಡದಿರುವುದರಿಂದ ಅದು ಮಾಡುವುದನ್ನು ಅಲ್ಲಗಳೆಯಬಾರದು ಎಂಬ ಆಶಯವಿದೆ. ಸಂತ ತೋಮಸ್ ಅಕ್ವಿನಾಸರು ಎತ್ತಿಕೊಂಡದ್ದು ಈ ಎಳೆಯನ್ನು. ಅವರ ‘ಸುಮ್ಮಾ ಥಿಯಾಲಜಿಯಾ’ದ ಎರಡನೆಯ ಭಾಗದ ಮೊದಲ ಖಂಡದಲ್ಲಿ, 96ನೆಯ ಪ್ರಶ್ನೆಯ ಎರಡನೆಯ ಪರಿಚ್ಛೇದದಲ್ಲಿ, ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ಹತ್ತಿಕ್ಕಬೇಕೆ ಎಂಬ ಪ್ರಶ್ನೆಯಿದೆ. ಗುರುಮಠದಲ್ಲಿ ಈ ಪುಟವನ್ನು ಅವಸರದಲ್ಲಿ ದಾಟಿಬಿಡುವ ರೂಢಿಯಿದೆ. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು.

ತೋಮಸರ ಉತ್ತರ ‘ಇಲ್ಲ’ ಎಂಬುದು. ಅದಕ್ಕೆ ಅವರು ಕೊಡುವ ಕಾರಣ ಗಮನಾರ್ಹ. ಅಳತೆಗೋಲು ಅಳೆಯಲ್ಪಡುವ ವಸ್ತುವಿಗೆ ಹೊಂದುವಂತಿರಬೇಕು. ಮಗುವಿಗೂ ಪ್ರೌಢನಿಗೂ ಒಂದೇ ಕಟ್ಟಳೆ ಸಲ್ಲದು. ಮಗುವಿನಲ್ಲಿ ಸಹಿಸುವ ಎಷ್ಟೋ ನಡತೆಗಳನ್ನು ಪ್ರೌಢನಲ್ಲಿ ಸಹಿಸುವುದಿಲ್ಲ. ಕಾನೂನು ಇರುವುದು ಜನಸಮೂಹಕ್ಕಾಗಿ. ಆ ಸಮೂಹದ ಬಹುಪಾಲು ಮಂದಿ ಸದ್ಗುಣದಲ್ಲಿ ಪರಿಪೂರ್ಣರಲ್ಲ. ಆದುದರಿಂದ ಕಾನೂನು ನಿಷೇಧಿಸಬೇಕಾದದ್ದು ಬಹುಪಾಲು ಜನ ದೂರವಿರಬಲ್ಲಂಥ ಘೋರ ದುರ್ಗುಣಗಳನ್ನು. ಮುಖ್ಯವಾಗಿ ಇತರರಿಗೆ ಹಾನಿ ಮಾಡುವ, ತಡೆಯದಿದ್ದರೆ ಮಾನವ ಸಮಾಜವೇ ಉಳಿಯಲಾರದ ಕೊಲೆ, ಕಳ್ಳತನದಂಥವುಗಳನ್ನು. ಕಾನೂನಿನ ಗುರಿ ಜನರನ್ನು ಸದ್ಗುಣಕ್ಕೆ ನಡೆಸುವುದಲ್ಲವೆ ಎಂಬ ಆಕ್ಷೇಪಕ್ಕೆ ಅವರು ‘ಹೌದು, ಆದರೆ ಒಮ್ಮೆಗೇ ಅಲ್ಲ, ಮೆಲ್ಲಮೆಲ್ಲಗೆ’ ಎಂಬರ್ಥದ ಉತ್ತರ ಕೊಡುತ್ತಾರೆ. ಮೂಗನ್ನು ಬಲವಾಗಿ ಹಿಂಡಿದರೆ ನೆತ್ತರು ಬರುತ್ತದೆಂಬ ಜ್ಞಾನೋಕ್ತಿಗಳ ಮಾತನ್ನೂ, ಹಳೆಯ ತೊಗಲುಚೀಲದಲ್ಲಿ ಹೊಸ ದ್ರಾಕ್ಷಾರಸ ತುಂಬುವ ಪ್ರಭು ಕ್ರಿಸ್ತರ ಉಪಮಾನವನ್ನೂ ಅಲ್ಲಿಯೇ ಸ್ಮರಿಸುತ್ತಾರೆ. ಅಪರಿಪೂರ್ಣರ ಮೇಲೆ ಪರಿಪೂರ್ಣರ ಕಟ್ಟಳೆಯನ್ನು ಹೇರಿದರೆ ಅವರು ಅದನ್ನು ಧಿಕ್ಕರಿಸಿ ಇನ್ನೂ ಕೆಟ್ಟ ಕೃತ್ಯಗಳಿಗೆ ಇಳಿಯುತ್ತಾರೆ ಎಂಬುದು ಅವರ ಎಚ್ಚರಿಕೆ.

ಇದನ್ನು ಓದಿ ತೋಮಸರು ಇಂದಿನ ಅರ್ಥದ ವ್ಯಕ್ತಿಸ್ವಾತಂತ್ರ್ಯವಾದಿ ಎಂದು ಭಾವಿಸಬಾರದು. ಕಾನೂನು ಮನುಷ್ಯರನ್ನು ಒಳ್ಳೆಯವರನ್ನಾಗಿಸಬೇಕೆಂದು ಅವರು ನಂಬಿದ್ದರು. ಅಷ್ಟೇ ಅಲ್ಲ, ಅದೇ ಗ್ರಂಥದ ಇನ್ನೊಂದು ಕಡೆ, ಹಟಮಾರಿ ಪಾಷಂಡಿಗಳನ್ನು ಮರಣದಂಡನೆಗೆ ಒಪ್ಪಿಸಬಹುದೆಂದೂ ಬರೆದರು. ಖೋಟಾ ನಾಣ್ಯ ಮಾಡುವವನನ್ನು ಕೊಲ್ಲುವುದಾದರೆ ವಿಶ್ವಾಸವನ್ನು ಕೆಡಿಸುವವನನ್ನು ಏಕೆ ಬಿಡಬೇಕು ಎಂಬುದು ಅಲ್ಲಿನ ತರ್ಕ. 96ನೆಯ ಪ್ರಶ್ನೆಯಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಅಳತೆಗೋಲು ಅಲ್ಲಿ ಕಾಣೆಯಾಗುತ್ತದೆ. ಎರಡನ್ನೂ ಒಬ್ಬರೇ ಬರೆದರೆಂಬುದನ್ನು ಸಮನ್ವಯಗೊಳಿಸಲು ಮಾಡಿದ ಯತ್ನಗಳು ನಮಗೆ ತೃಪ್ತಿ ಕೊಟ್ಟಿಲ್ಲ.

ಅಳತೆಗೋಲು ಕಾಣೆಯಾದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯ, ನಡುವೆ ಕೆಲವು ವರ್ಷ ರದ್ದಾಗಿದ್ದುದನ್ನು ಬಿಟ್ಟರೆ, 1812ರವರೆಗೂ ನಡೆಯಿತು. 1736ರ ಅದರ ಶಾಸನ ವಿಶ್ವಾಸದ ಸೂತ್ರಗಳನ್ನು ಬಿಟ್ಟು ಅಂಗಳಕ್ಕೂ ಅಡುಗೆಮನೆಗೂ ಮದುವೆಯ ಚಪ್ಪರಕ್ಕೂ ಇಳಿದಿತ್ತು: ತುಳಸಿಯ ಗಿಡ ನೆಡಬಾರದು, ಗಂಡಸರು ಧೋತರ ಉಡಬಾರದು, ಹೆಂಗಸರು ಕುಪ್ಪಸ ತೊಡಬಾರದು. ಕರಾವಳಿಯ ಕೊಂಕಣಿ ಕ್ರೈಸ್ತರ ಪೂರ್ವಜರು ಗೋವೆ ಬಿಟ್ಟು ದಕ್ಷಿಣಕ್ಕೆ ಬಂದುದಕ್ಕೆ ಬರಗಾಲ, ಯುದ್ಧ, ತೆರಿಗೆ ಎಂಬ ಕಾರಣಗಳ ಜೊತೆಗೆ ಇದೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಹಾಗೆ ಬಂದವರು ಅದೇ ಉಡುಗೆಯಲ್ಲಿ, ಅದೇ ಸೋಬಾನೆಯ ಸಂಪ್ರದಾಯಗಳೊಡನೆ ಒಳ್ಳೆಯ ಕಥೋಲಿಕರಾಗಿಯೇ ಬಾಳಿದರು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ, ಈ ವಾದ ಧರ್ಮಸಭೆಯ ಹೊರಗೆ ಮರುಹುಟ್ಟು ಪಡೆದದ್ದನ್ನು ಕಾಣುತ್ತೇವೆ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ‘ಆನ್ ಲಿಬರ್ಟಿ’ಯನ್ನು ಪ್ರಕಟಿಸಿ, ಒಬ್ಬನ ಇಚ್ಛೆಗೆ ವಿರುದ್ಧವಾಗಿ ಬಲ ಪ್ರಯೋಗಿಸಲು ಇತರರಿಗಾಗುವ ಹಾನಿಯನ್ನು ತಡೆಯುವುದೊಂದೇ ಸಮರ್ಥನೆ ಎಂದು ವಾದಿಸಿದನು. 1873ರಲ್ಲಿ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಅದನ್ನು ಖಂಡಿಸಿ ಪುಸ್ತಕ ಬರೆದನು. ಇಬ್ಬರ ಅನ್ನವೂ ಭಾರತದಿಂದ ಬಂದದ್ದು. ಮಿಲ್ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ದುಡಿದವನು. ಸ್ಟೀಫನ್ ವೈಸ್‌ರಾಯ್ ಪರಿಷತ್ತಿನ ಕಾನೂನು ಸದಸ್ಯನಾಗಿ 1872ರ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿ, ಊರಿಗೆ ಮರಳುವ ಹಡಗಿನಲ್ಲಿ ತನ್ನ ಖಂಡನೆಯನ್ನು ಬರೆಯತೊಡಗಿದವನು. ಸ್ವಾತಂತ್ರ್ಯದ ತತ್ತ್ವ ಇನ್ನೂ ‘ಪ್ರೌಢ’ವಾಗದ ಜನಾಂಗಗಳಿಗೆ ಅನ್ವಯಿಸುವುದಿಲ್ಲವೆಂದು ಮಿಲ್ ಸ್ಪಷ್ಟವಾಗಿಯೇ ಬರೆದಿದ್ದನು. ನಮ್ಮನ್ನು ಯಾವ ಸಾಲಿನಲ್ಲಿ ಕೂರಿಸಿದ್ದನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅವನ ಪುಸ್ತಕ ಹೊರಬಂದ ಮರುವರ್ಷವೇ, 1860ರಲ್ಲಿ, ಮೆಕಾಲೆಯ ಕರಡನ್ನು ಆಧರಿಸಿದ ಭಾರತೀಯ ದಂಡ ಸಂಹಿತೆ ಅಂಗೀಕಾರವಾಯಿತು. ಅದರ 377ನೆಯ ಕಲಮು ಪ್ರೌಢರ ಖಾಸಗಿ ನಡತೆಗೂ ಕೈಚಾಚಿತು.

ಆ ಕಲಮಿನ ತಾಯ್ನೆಲದಲ್ಲಿಯೇ ಪ್ರಶ್ನೆ ಮತ್ತೆ ಎದ್ದಿತು. 1954ರಲ್ಲಿ ಬ್ರಿಟಿಷ್ ಸರ್ಕಾರ, ಸಲಿಂಗಕಾಮ ಮತ್ತು ವೇಶ್ಯಾವೃತ್ತಿಯ ಕಾನೂನುಗಳನ್ನು ಪರಿಶೀಲಿಸಲು ರೆಡಿಂಗ್ ವಿಶ್ವವಿದ್ಯಾಲಯದ ಉಪಕುಲಪತಿ ಜಾನ್ ವುಲ್ಫೆಂಡನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಈ ಸಮಿತಿಗೆ ಅಭಿಪ್ರಾಯ ಸಲ್ಲಿಸಲೆಂದು ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಬರ್ನಾರ್ಡ್ ಗ್ರಿಫಿನ್ ಅವರು ಕಥೋಲಿಕ ಸಲಹಾ ಸಮಿತಿಯೊಂದನ್ನು ರಚಿಸಿದರು. 1956ರಲ್ಲಿ ಹೊರಬಂದ ಅದರ ವರದಿ, ಈ ಕೃತ್ಯಗಳ ಕುರಿತಾದ ಧರ್ಮಸಭೆಯ ನೈತಿಕ ಬೋಧನೆಯಲ್ಲಿ ಎಳ್ಳಷ್ಟೂ ಸಡಿಲಿಕೆ ತೋರಲಿಲ್ಲ. ಆದರೆ ಪಾಪವನ್ನು ಪಾಪವೆಂಬ ಕಾರಣಕ್ಕೇ ಶಿಕ್ಷಿಸುವುದು ರಾಜ್ಯದ ಕೆಲಸವಲ್ಲ, ಅದರ ಅಧಿಕಾರ ಸಾಮಾನ್ಯ ಹಿತಕ್ಕೆ ಧಕ್ಕೆ ತರುವ ಕೃತ್ಯಗಳಿಗೆ ಸೀಮಿತ, ಸಮ್ಮತಿಯುಳ್ಳ ಪ್ರೌಢರ ಖಾಸಗಿ ನಡತೆಯನ್ನು ಸೆರೆಮನೆಯಿಂದ ತಿದ್ದಲಾಗದು ಎಂದು ಹೇಳಿತು. ಇದು 96ನೆಯ ಪ್ರಶ್ನೆಯ ಉತ್ತರವೇ. ಆಂಗ್ಲಿಕನ್ ಸಭೆಯ ನೀತಿ ಮಂಡಳಿಯೂ ಇದೇ ದಿಕ್ಕಿನಲ್ಲಿ ಸಲಹೆ ಕೊಟ್ಟಿತ್ತು. 1957ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವುಲ್ಫೆಂಡನ್ ವರದಿ, ಕಾನೂನು ಕೈಹಾಕಬಾರದ ಖಾಸಗಿ ನೀತಿಯ ವಲಯವೊಂದು ಉಳಿಯಲೇಬೇಕೆಂದು ಹೇಳಿ, ಹಾಗೆ ಹೇಳುವುದು ಅನೀತಿಯನ್ನು ಮೆಚ್ಚಿದಂತಲ್ಲ ಎಂದು ಸ್ಪಷ್ಟಪಡಿಸಿತು. ಇಂಗ್ಲೆಂಡಿನ ಕಾನೂನು ಬದಲಾಗಲು ಮತ್ತೆ ಹತ್ತು ವರ್ಷ ಬೇಕಾಯಿತು.

ವರದಿಯ ಮೇಲೆ ಬಿದ್ದ ಅತ್ಯಂತ ಬಲವಾದ ಪೆಟ್ಟು ನ್ಯಾಯಮೂರ್ತಿ ಪ್ಯಾಟ್ರಿಕ್ ಡೆವ್ಲಿನ್ ಅವರದು. ಜೆಸ್ವಿತರ ಸ್ಟೋನಿಹರ್ಸ್ಟ್ ಶಾಲೆಯಲ್ಲಿ ಓದಿ, ಡೊಮಿನಿಕನ್ ಸಭೆಯ ನವಶಿಷ್ಯಾಲಯದಲ್ಲಿ ಸುಮಾರು ಒಂದು ವರ್ಷ ಕಳೆದು ಹೊರಬಂದವರು ಅವರು. ತೋಮಸರ ಸಭೆಯ ಬಟ್ಟೆ ತೊಟ್ಟಿದ್ದವರೇ ತೋಮಸರ ವಾದಕ್ಕೆ ಎದುರಾದದ್ದು ಚರಿತ್ರೆಯ ಒಂದು ವಿನೋದ. ಮೊದಲು ವರದಿಯ ತತ್ತ್ವವನ್ನು ಒಪ್ಪಿದ್ದ ಡೆವ್ಲಿನ್, 1959ರ ಬ್ರಿಟಿಷ್ ಅಕಾಡೆಮಿ ಉಪನ್ಯಾಸಕ್ಕೆ ಸಿದ್ಧತೆ ನಡೆಸುತ್ತಿದ್ದಾಗ ಮನಸ್ಸು ಬದಲಿಸಿದರು. ಅವರ ವಾದ ಇದು: ಸಮಾಜವನ್ನು ಹಿಡಿದಿಟ್ಟಿರುವುದು ಹಂಚಿಕೊಂಡ ನೀತಿ, ಅದು ಕಳಚಿದರೆ ಸಮಾಜವೇ ಕಳಚುತ್ತದೆ, ರಾಜದ್ರೋಹದ ವಿರುದ್ಧ ತನ್ನನ್ನು ರಕ್ಷಿಸಿಕೊಳ್ಳುವ ಸಮಾಜಕ್ಕೆ ಅನೀತಿಯ ವಿರುದ್ಧವೂ ಆ ಹಕ್ಕಿದೆ, ಆದುದರಿಂದ ಕಾನೂನು ಎಂದೂ ಪ್ರವೇಶಿಸಬಾರದ ವಲಯವೆಂಬುದು ತಾತ್ತ್ವಿಕವಾಗಿ ಇಲ್ಲ. ಯಾವ ನೀತಿ ಸಮಾಜದ್ದು ಎಂಬುದನ್ನು ತಿಳಿಯಲು ಜ್ಯೂರಿಯಲ್ಲಿ ಕೂರುವ ಸಾಮಾನ್ಯ ಮನುಷ್ಯನನ್ನು ಕೇಳಬೇಕು. ಅವನಿಗೆ ನಿಜವಾದ ಅಸಹ್ಯ ಹುಟ್ಟುವುದಾದರೆ ಅದು ಸಹನೆಯ ಎಲ್ಲೆ. ಆಕ್ಸ್‌ಫರ್ಡಿನ ಎಚ್. ಎಲ್. ಎ. ಹಾರ್ಟ್ ಇದಕ್ಕೆ 1963ರ ತಮ್ಮ ಪುಸ್ತಕದಲ್ಲಿ ಉತ್ತರವಿತ್ತರು: ನೀತಿ ಬದಲಾಗುವುದು ಬೇರೆ, ಸಮಾಜ ನಾಶವಾಗುವುದು ಬೇರೆ, ಒಂದು ಜನ ಪಾಲಿಸುವ ನೀತಿಯನ್ನು ವಿಮರ್ಶಿಸಲು ಇನ್ನೊಂದು ಅಳತೆ ಬೇಕೇ ಬೇಕು.

ನಮ್ಮ ವಾಚಕರಲ್ಲಿ ಅನೇಕರಿಗೆ ಡೆವ್ಲಿನ್ ಹೆಚ್ಚು ಹತ್ತಿರದವರೆನಿಸಬಹುದು. ಸಮಾಜಕ್ಕೆ ನೀತಿಯ ತಳಹದಿ ಬೇಕೆಂಬ ಅವರ ಮಾತು ಸುಳ್ಳಲ್ಲ. ಹಾರ್ಟ್ ಅದನ್ನು ಇದ್ದುದಕ್ಕಿಂತ ಹಗುರವಾಗಿ ಎತ್ತಿಕೊಂಡರೆಂದೇ ನಮ್ಮ ಅಭಿಪ್ರಾಯ. ಆದರೆ ಡೆವ್ಲಿನ್ನರ ಅಳತೆಗೋಲಿನಲ್ಲಿ ಸತ್ಯಕ್ಕೆ ಸ್ಥಾನವಿಲ್ಲ ಎಂಬುದನ್ನು ನಾವು ಗಮನಿಸಬೇಕು. ಬಹುಸಂಖ್ಯಾತರಿಗೆ ಅಸಹ್ಯವಾದದ್ದು ಶಿಕ್ಷಾರ್ಹವೆಂದಾದರೆ ನೀರೋನ ರೋಮಿನಲ್ಲಿ ಕ್ರೈಸ್ತರು ಶಿಕ್ಷಾರ್ಹರೇ ಆಗಿದ್ದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಮ್ಮ ಸಂಖ್ಯೆ ನೂರಕ್ಕೆ ಎರಡಕ್ಕಿಂತ ಕಡಿಮೆ. ನಾವು ಎತ್ತಿಕೊಡುವ ಅಳತೆಗೋಲಿನಿಂದಲೇ ನಮ್ಮನ್ನು ಅಳೆಯಲಾಗುತ್ತದೆ.

ಇದೇ ಕಾಲದಲ್ಲಿ ಅಟ್ಲಾಂಟಿಕ್ಕಿನ ಆಚೆ ಜೆಸ್ವಿತ ದೈವಶಾಸ್ತ್ರಜ್ಞ ಜಾನ್ ಕೋರ್ಟ್ನಿ ಮರ್ರೆ ಅವರು ಇನ್ನೊಂದು ದಾರಿ ಕಡಿಯುತ್ತಿದ್ದರು. ಸಾಮಾನ್ಯ ಹಿತ ಇಡೀ ಸಮಾಜದ ಹೊಣೆ: ಕುಟುಂಬ, ಶಾಲೆ, ಧರ್ಮಸಭೆ, ಸಂಘಸಂಸ್ಥೆಗಳೆಲ್ಲವೂ ಅದರಲ್ಲಿ ಪಾಲುದಾರರು. ಬಲಪ್ರಯೋಗದ ಅಧಿಕಾರವುಳ್ಳ ರಾಜ್ಯಕ್ಕೆ ವಹಿಸಿದ್ದು ಅದರ ಒಂದು ಅಂಶ ಮಾತ್ರ, ಅದೇ ಸಾರ್ವಜನಿಕ ಸುವ್ಯವಸ್ಥೆ. ಈ ಭೇದವೇ ಅವರ ಚಿಂತನೆಯ ಬೆನ್ನೆಲುಬು. ಐವತ್ತರ ದಶಕದ ನಡುವಿನಲ್ಲಿ ಧರ್ಮಸಭೆ ಮತ್ತು ರಾಜ್ಯದ ಸಂಬಂಧ ಕುರಿತು ಬರೆಯದಂತೆ ಅವರ ಮೇಲಧಿಕಾರಿಗಳು ಅವರಿಗೆ ಸೂಚಿಸಿದರು; ಅವರು ವಿಧೇಯತೆಯಿಂದ ಮೌನ ತಾಳಿದರು. 1963ರಲ್ಲಿ ಅದೇ ಮರ್ರೆ ತಜ್ಞರಾಗಿ ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಬಂದರು. 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ‘ದಿಗ್ನಿತಾತಿಸ್ ಹುಮಾನೇ’ 2,308 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದವು 70. ಸ್ವಾತಂತ್ರ್ಯದ ಹಕ್ಕಿನ ಬುಡವನ್ನು ಅದು ಮಾನವ ವ್ಯಕ್ತಿಯ ಘನತೆಯಲ್ಲಿ ಕಂಡಿತು. ಸತ್ಯವನ್ನು ಅರಸುವ ಕರ್ತವ್ಯವನ್ನು ಪಾಲಿಸದವರಿಗೂ ಬಲವಂತದಿಂದ ಮುಕ್ತರಾಗಿರುವ ಹಕ್ಕು ಉಳಿಯುತ್ತದೆಂದಿತು. ಏಳನೆಯ ಪರಿಚ್ಛೇದದಲ್ಲಿ ಎಲ್ಲೆಯನ್ನೂ ಗುರುತಿಸಿತು: ಇತರರ ಹಕ್ಕುಗಳ ರಕ್ಷಣೆ, ಸಾರ್ವಜನಿಕ ಶಾಂತಿ, ಸಾರ್ವಜನಿಕ ನೀತಿ. ಇವುಗಳಿಗೆ ಅಗತ್ಯವಾದಾಗ, ಅಗತ್ಯವಾದಷ್ಟು ಮಾತ್ರ ಸ್ವಾತಂತ್ರ್ಯವನ್ನು ಮಿತಗೊಳಿಸಬಹುದು.

ಹದಿನೈದು ವರ್ಷ ಮೊದಲೇ ಜಾರಿಗೆ ಬಂದಿದ್ದ ನಮ್ಮ ಸಂವಿಧಾನದ 25ನೆಯ ಅನುಚ್ಛೇದ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಎಲ್ಲೆಗಳೊಳಗೆ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿತ್ತು. ಅದನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿತ ಯಾಜಕ ಜೆರೋಮ್ ಡಿಸೋಜಾ ಅವರೂ ಇದ್ದರು. ಬಲವಂತದ ಅಥವಾ ಅನುಚಿತ ಪ್ರಭಾವದ ಮತಾಂತರಕ್ಕೆ ಮಾನ್ಯತೆಯಿಲ್ಲ ಎಂಬ ವಾಕ್ಯವನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸುವ ಸಲಹೆ 1947ರಲ್ಲಿ ಬಂದಿತ್ತು. ಅದು ಸ್ವಯಂಸ್ಪಷ್ಟವಾದ ಮಾತು, ಸಂವಿಧಾನದಲ್ಲಿ ಬರೆಯಬೇಕಾಗಿಲ್ಲ ಎಂದು ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಅದನ್ನು ಕೈಬಿಡಿಸಿತು. ಅಂದು ಕೈಬಿಟ್ಟದ್ದು 1967ರಲ್ಲಿ ಒಡಿಶಾದ, 1968ರಲ್ಲಿ ಮಧ್ಯಪ್ರದೇಶದ ದಂಡಕಾನೂನಾಗಿ ಮರಳಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ, ಯಾಜಕರೊಬ್ಬರು ಪಕ್ಷಗಾರರಾಗಿದ್ದ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ, ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ತೀರ್ಪಿತ್ತು ಆ ಕಾಯಿದೆಗಳನ್ನು ಎತ್ತಿಹಿಡಿಯಿತು. 2022ರಲ್ಲಿ ನಮ್ಮ ರಾಜ್ಯದಲ್ಲಿಯೂ ಅಂಥ ಕಾಯಿದೆ ಬಂದಿತು. ಮತಾಂತರ ಹೊಂದಲಿಚ್ಛಿಸುವವನು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣವನ್ನೂ ‘ಆಮಿಷ’ದ ಪಟ್ಟಿಗೆ ಸೇರಿಸಿತು. ಮರುವರ್ಷ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು.

ಈ ಕಾಯಿದೆಗಳನ್ನು ವಿರೋಧಿಸುವಾಗ ನಾವು ಯಾವ ತತ್ತ್ವದ ಮೇಲೆ ನಿಂತಿದ್ದೇವೆ? ಮನಸ್ಸಾಕ್ಷಿಯ ಅಂಗಳಕ್ಕೆ ಪೊಲೀಸನು ಬರಬಾರದೆಂಬ ತತ್ತ್ವದ ಮೇಲೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ, ಸಾಮಾಜಿಕ ನೀತಿಗಿಂತ ಸಾಂವಿಧಾನಿಕ ನೀತಿ ಮೇಲೆಂದು ಹೇಳಿ, ಸಮ್ಮತಿಯುಳ್ಳ ಪ್ರೌಢರ ಮಟ್ಟಿಗೆ 377ನೆಯ ಕಲಮನ್ನು ರದ್ದುಪಡಿಸಿದಾಗ ಕೆಲವು ಬೋಧಪೀಠಗಳಿಂದ ಕೇಳಿಬಂದ ಸ್ವರದಲ್ಲಿ ಆ ತತ್ತ್ವ ಇರಲಿಲ್ಲ. ಜಗದ್ಗುರು ಫ್ರಾನ್ಸಿಸರು 2023ರ ಜನವರಿಯಲ್ಲಿ ಸಂದರ್ಶನವೊಂದರಲ್ಲಿ, ಪಾಪವನ್ನೂ ಅಪರಾಧವನ್ನೂ ಬೇರ್ಪಡಿಸಿ ನೋಡಬೇಕೆಂದು ಹೇಳಿದ್ದು ಹೊಸತೆಂಬಂತೆ ಸುದ್ದಿಯಾಯಿತು. ಇಂಗ್ಲೆಂಡಿನ ಕಥೋಲಿಕ ಸಮಿತಿ ಅದನ್ನೇ ಅರುವತ್ತೇಳು ವರ್ಷಗಳ ಹಿಂದೆ ಹೇಳಿತ್ತು.

ಈ ಭೇದ ಎಲ್ಲದಕ್ಕೂ ಪರವಾನಗಿಯಲ್ಲ. ಜಗದ್ಗುರು ದ್ವಿತೀಯ ಜಾನ್ ಪೌಲರು 1995ರ ‘ಎವಾಂಜೇಲಿಯುಮ್ ವೀತೇ’ಯ 71ನೆಯ ಪರಿಚ್ಛೇದದಲ್ಲಿ ತೋಮಸರ ಇದೇ 96ನೆಯ ಪ್ರಶ್ನೆಯನ್ನು ಉಲ್ಲೇಖಿಸುತ್ತಾರೆ. ಹೆಚ್ಚಿನ ಹಾನಿಯನ್ನು ತಪ್ಪಿಸಲು ರಾಜ್ಯ ಕೆಲವು ಕೇಡುಗಳನ್ನು ತಡೆಯದೆ ಬಿಡಬಹುದು. ಆದರೆ ಇನ್ನೊಬ್ಬ ವ್ಯಕ್ತಿಯ ಮೇಲಿನ ಆಕ್ರಮಣವನ್ನು ಹಕ್ಕೆಂದು ಎಂದಿಗೂ ಮಾನ್ಯ ಮಾಡಲಾಗದು ಎಂಬುದು ಅವರ ನಿಲುವು. ಗರ್ಭಪಾತದ ವಿಷಯದಲ್ಲಿ ಧರ್ಮಸಭೆ ಎತ್ತುವ ಧ್ವನಿಗೆ ಆಧಾರ, ತೋಮಸರು ಕೊಲೆ, ಕಳ್ಳತನಗಳನ್ನು ಹೆಸರಿಸಿದ ಆ ಸಾಲೇ ಹೊರತು, ಲೈಂಗಿಕ ನೀತಿಯ ಅಧ್ಯಾಯವಲ್ಲ. ವಾದಿಸುವಾಗ ನಾವು ಎರಡನ್ನೂ ಕಲಸಿದರೆ ಕೇಳುವವರು ಎರಡನ್ನೂ ತಳ್ಳಿಹಾಕುತ್ತಾರೆ.

ಭೇದವನ್ನು ಮರೆಯುವುದಕ್ಕೆ ಎರಡು ಬಗೆಗಳಿವೆ. ಪಾಪವನ್ನೆಲ್ಲ ಅಪರಾಧವೆಂದು ಕಾಣುವುದು ಒಂದು. ಇದುವರೆಗೆ ಅದನ್ನೇ ಹೇಳಿದೆವು. ಅಪರಾಧವನ್ನು ಬರಿಯ ಪಾಪವೆಂದು ಕಾಣುವುದು ಇನ್ನೊಂದು. ಯಾಜಕ ವರ್ಗದಲ್ಲಿ ಇತ್ತೀಚಿನ ದಶಕಗಳಲ್ಲಿ ಹೆಚ್ಚು ಕೇಡು ಮಾಡಿದ್ದು ಇದೇ. ಮಗುವೊಂದರ ಮೇಲೆ ಯಾಜಕನೊಬ್ಬ ಎಸಗಿದ ದೌರ್ಜನ್ಯವನ್ನು ಅವನ ಬ್ರಹ್ಮಚರ್ಯದ ಪತನವೆಂದು ಕಂಡು, ಪಶ್ಚಾತ್ತಾಪ, ಧ್ಯಾನಕೂಟ, ವರ್ಗಾವಣೆಗಳಲ್ಲಿ ಮುಗಿಸಿದ ಪ್ರಕರಣಗಳು ಅನೇಕ ದೇಶಗಳ ವಿಚಾರಣಾ ವರದಿಗಳಲ್ಲಿ ತುಂಬಿವೆ. ಅಲ್ಲಿ ಕರುಣೆ ದೊರೆತದ್ದು ಪಾಪಿಗೆ. ಹಾನಿಗೊಳಗಾದ ಮಗು ಆ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ ಇಂಥ ಕೃತ್ಯವನ್ನು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿರುವುದು 21ನೆಯ ಕಲಮಿನಂತೆ ಸ್ವತಃ ಅಪರಾಧ. ಪಾಪನಿವೇದನೆಯ ಗೋಪ್ಯದ ವಿಷಯ ಬೇರೆ. ಅದನ್ನು ಪ್ರತ್ಯೇಕವಾಗಿಯೇ ಚರ್ಚಿಸಬೇಕು. ಆದರೆ ಧರ್ಮಕೇಂದ್ರದ ಕಚೇರಿಯಲ್ಲಿ ಕೇಳಿಬಂದ ದೂರು ಪಾಪನಿವೇದನೆಯಲ್ಲ.

ಧರ್ಮಸಭೆಯ ಕಾನೂನಿನಲ್ಲಿಯೂ ಈ ತಿದ್ದುಪಡಿ ತಡವಾಗಿಯಾದರೂ ಬಂದಿದೆ. 1983ರ ಸಂಹಿತೆಯಲ್ಲಿ ಈ ಅಪರಾಧ 1395ನೆಯ ಕಾನೊನಿನಲ್ಲಿ, ಯಾಜಕರ ವಿಶೇಷ ಬಾಧ್ಯತೆಗಳ ಉಲ್ಲಂಘನೆ ಎಂಬ ಶೀರ್ಷಿಕೆಯ ಕೆಳಗೆ ಇತ್ತು. 2021ರ ಡಿಸೆಂಬರ್ 8ರಂದು ಜಾರಿಗೆ ಬಂದ ಪರಿಷ್ಕೃತ ಆರನೆಯ ಪುಸ್ತಕ ಅದನ್ನು ಅಲ್ಲಿಂದ ತೆಗೆದು 1398ನೆಯ ಕಾನೊನಿಗೆ ತಂದಿತು. ಈಗ ಅದರ ಮೇಲಿರುವ ಶೀರ್ಷಿಕೆ ಮಾನವ ಜೀವ, ಘನತೆ ಮತ್ತು ಸ್ವಾತಂತ್ರ್ಯದ ವಿರುದ್ಧದ ಅಪರಾಧಗಳು ಎಂಬುದು. ನರಹತ್ಯೆಯೂ ಗರ್ಭಪಾತವೂ ಅದೇ ಶೀರ್ಷಿಕೆಯ ಕೆಳಗೆ, ಹಿಂದಿನ ಕಾನೊನಿನಲ್ಲಿ ಬರುತ್ತವೆ.